ಉಸಿರಕ್ಕನ ಬ್ಯಾಡ್ಜು

“ಉಸಿರು ಎಳ್ಕೊಳ್ಳಿ… ಹಿಡ್ಕೊಳ್ಳಿ… ಅಲ್ಲಾಡ್ಬೇಡಿ… ಹಾಂ, ಬಿಡಿ.”

ಎಕ್ಸ್-ರೇ ಕೋಣೆಯ ನಿಲುವು ಹಲಗೆಗೆ ಎದೆಯೊತ್ತಿ ನಿಂತಿದ್ದ ಅಜ್ಜ ಒಂದೊಂದು ಮಾತನ್ನೂ ಚಾಚೂ ತಪ್ಪದೆ ಪಾಲಿಸಿದ. ಆಮೇಲೆ ತಿರುಗಿ, ಇಷ್ಟು ಇಂಪಾದ ದನಿಯ ಹೆಣ್ಣುಮಗಳು ಎಲ್ಲಿದ್ದಾಳೆಂದು ಹುಡುಕಿದ. ಸೀಸದ ಗಾಜಿನಾಚೆ ಕಂಡದ್ದು ಎರಡು ಮೀಸೆ. ಒಂದು ದಪ್ಪ, ಒಂದು ಸಣ್ಣ.

ಸಣ್ಣ ಮೀಸೆ ಪತ್ತೇದಾರನದು. ಊರೆಲ್ಲ ಅವನನ್ನು ಗಿಣಿ ಎನ್ನುತ್ತಿತ್ತು. ಯಾರ ದನಿಯಾದರೂ ಸರಿ, ಒಮ್ಮೆ ಕಿವಿಗೆ ಬಿದ್ದರೆ ಮರುಕ್ಷಣವೇ ಅದು ಅವನ ಗಂಟಲಿನ ಬಾಡಿಗೆದಾರ. ದಪ್ಪ ಮೀಸೆ ಹಿರಿಯ ಟೆಕ್ನಿಷಿಯನ್‌ನದು. ಸೀಸದ ಏಪ್ರನ್ನನ್ನು ಊಟಕ್ಕೂ ಬಿಚ್ಚದೆ ಓಡಾಡುತ್ತಿದ್ದುದರಿಂದ ಆತ ಸೀಸದಣ್ಣ.

“ಗಿಣಿ ಸಾರ್, ಆ ದನಿ ಬೇಡ,” ಎಂದ ಸೀಸದಣ್ಣ. “ಅವಳು ಹೊರಗೆ ಬೆಂಚ್ ಮೇಲೇ ಕೂತಿದಾಳೆ. ಕೇಳಿಸ್ಕೊಂಡ್ರೆ ಅಳ್ತಾಳೆ.”

“ಅಳಿಸೋಕಲ್ಲ ಅಣ್ಣಾ, ನಿಮ್ಮ ಮುಖ ನೋಡೋಕೆ ಮಾಡಿದ್ದು. ಅವಳ ದನಿ ಕೇಳಿದ್ರೆ ನಿಮ್ಮ ಮೀಸೆ ಎಡಗಡೆ ಮಾತ್ರ ಅಲುಗುತ್ತೆ.”

ಸೀಸದಣ್ಣ ಕೂಡಲೇ ಮೀಸೆಯ ಎಡಭಾಗವನ್ನು ಕೈಯಿಂದ ಮುಚ್ಚಿಕೊಂಡ.

ಅವಳು ಎಂದರೆ ಉಸಿರಕ್ಕ. ದಿನವಿಡೀ ಉಸಿರು ಎಳೆಸಿ, ಹಿಡಿಸಿ, ಬಿಡಿಸುತ್ತಿದ್ದವಳಿಗೆ ರೋಗಿಗಳೇ ಇಟ್ಟ ಹೆಸರು. ಮೈಮೇಲೆ ಬೀಳುವ ಕಿರಣವನ್ನು ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಅವಳ ಬ್ಯಾಡ್ಜಿನಲ್ಲಿ ಇರಬಾರದಷ್ಟು ಕಿರಣ ದಾಖಲಾಗಿದೆ ಎಂದು ಪ್ರಯೋಗಾಲಯದಿಂದ ಸುದ್ದಿ ಬಂದ ದಿನದಿಂದ ಅವಳನ್ನು ಯಂತ್ರದ ಹತ್ತಿರ ಬಿಟ್ಟಿರಲಿಲ್ಲ. ನಿಜ ಹುಡುಕಿ ಕೊಡು ಎಂದು ಆಸ್ಪತ್ರೆ ಗಿಣಿಯನ್ನು ಕರೆಸಿತ್ತು.

ಗಿಣಿ ಹೊರಗೆ ಬಂದ. ಬಾಗಿಲ ಮೇಲಿನ ಕೆಂಪು ದೀಪ ಆರಿತು. ಅದರ ಕೆಳಗಿನ ಬೆಂಚಿನಲ್ಲಿ ಉಸಿರಕ್ಕ ಎರಡೂ ಅಂಗೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೊಟ್ಟೆ ಇನ್ನೂ ಹೊರಗೆ ಕಾಣುವಷ್ಟಾಗಿರಲಿಲ್ಲ. ತಾನು ಬಸುರಿ ಎಂಬ ಸುದ್ದಿಯೂ ಬ್ಯಾಡ್ಜಿನ ಸುದ್ದಿಯೂ ಅವಳಿಗೆ ಒಂದೇ ವಾರದಲ್ಲಿ ತಿಳಿದಿದ್ದವು. ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಬಂದ ಮೊದಲನೆಯದನ್ನು ಅವಳು ಎರಡನೆಯದರ ಭಯದಲ್ಲಿ ಯಾರಿಗೂ ಹೇಳಿರಲಿಲ್ಲ. ನಿನ್ನೆಯಷ್ಟೇ ಬಾಯಿಬಿಟ್ಟಿದ್ದಳು.

“ಗಿಣಿಯಣ್ಣಾ, ನಂಗೆ ಬೇರೇನೂ ಬೇಡ. ಕೆಲಸ ಹೋದ್ರೆ ಹೋಗ್ಲಿ. ಕಿರಣ ಬಿದ್ದಿದ್ದು ಬ್ಯಾಡ್ಜ್ ಮೇಲಾ, ಇದರ ಮೇಲಾ? ಅಷ್ಟು ಹೇಳಿ.”

ಅವಳ ಅಂಗೈ ಹೊಟ್ಟೆಯನ್ನು ಮೆಲ್ಲಗೆ ತಟ್ಟಿತು.

“ಅಕ್ಕಾ, ನೀವೇ ಯೋಚನೆ ಮಾಡಿ. ನೀವು ಯಾವತ್ತಾದ್ರೂ ಕಿರಣದ ದಾರೀಲಿ ನಿಂತಿದ್ರಾ?”

ಉಸಿರಕ್ಕ ತಲೆ ತಗ್ಗಿಸಿದಳು. “ಅಳೋ ಮಕ್ಕಳನ್ನ ಹಿಡ್ಕೊಂಡಿದೀನಿ. ಹಿಡ್ಕೋಬಾರದು, ಗೊತ್ತು. ಮನೆಯವರ ಕೈಗೆ ಏಪ್ರನ್ ಕೊಟ್ಟು ಅವರ ಕೈಲೇ ಹಿಡಿಸ್ಬೇಕು, ನಾವು ದಿನಾ ಹೇಳೋದೂ ಅದನ್ನೇ. ಆದ್ರೆ ಕೆಲವು ಅಮ್ಮಂದಿರು ಮಗುಗಿಂತ ಜಾಸ್ತಿ ನಡುಗ್ತಿರ್ತಾರಲ್ಲ… ಒಂದೆರಡು ಸಲ ನಂಗೆ ಏಪ್ರನ್ ಹಾಕ್ಕೊಳ್ಳೋಕೂ ಪುರುಸೊತ್ತಾಗಿರಲಿಲ್ಲ.”

ಮಕ್ಕಳಿಲ್ಲದವಳು ಮಕ್ಕಳನ್ನು ಹಿಡಿದುಕೊಂಡಿದ್ದಳು. ಅದೇ ಈಗ ಅವಳನ್ನು ಹಿಡಿದುಕೊಂಡಿತ್ತು.

“ಕಿರಣ ಸಿಕ್ಕಿದೆ, ಕಾರಣ ಸಿಕ್ಕಿಲ್ಲ,” ಎಂದ ಗಿಣಿ. ತನ್ನ ಮಾತಿಗೆ ತಾನೇ ನಗಬೇಕೆನಿಸಿತು. ಅವಳ ಮುಖ ನೋಡಿ ನುಂಗಿಕೊಂಡ.

“ಕಾರಣಕ್ಕೆ ನಾನು ಸ್ವಲ್ಪ ದಾರಿ ತೋರಿಸ್ಲಾ?”

ಬಂದವನು ನೆರಳು ಡಾಕ್ಟರು. ಎಕ್ಸ್-ರೇ ಚಿತ್ರಗಳನ್ನು ಓದುವುದು ಅವನ ಕೆಲಸ. ಎತ್ತರದ ಆಳು, ಇಸ್ತ್ರಿ ಮುರಿಯದ ಕೋಟು, ತುಟಿಯಂಚಿಗೆ ಸದಾ ಅಂಟಿಕೊಂಡ ಅರ್ಧ ನಗೆ. ಗಿಣಿ ಊರಿನ ಎಲ್ಲರ ದನಿಯನ್ನೂ ಕದ್ದಿದ್ದ, ಈ ಒಬ್ಬನದನ್ನು ಬಿಟ್ಟು. ಕನ್ನಡಿಯ ಮುಂದೆ ನಿಂತು ಎಷ್ಟು ಸಲ ಪ್ರಯತ್ನಿಸಿದರೂ ಆ ದನಿ ಅವನ ಗಂಟಲಿಗೆ ಇಳಿದಿರಲಿಲ್ಲ. ಅವನಿಗೆ ಡಾಕ್ಟರ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಅಲ್ಲಿಂದ. ಬೆಳೆದದ್ದು ಬೇರೆ ಕಡೆಯಿಂದ.

“ಎಕ್ಸ್-ರೇ ರೋಗಿಯ ಮೈಗೆ ಬಡಿದಾಗ ಸುತ್ತಲೂ ಚದುರುತ್ತೆ,” ಎಂದ ಡಾಕ್ಟರು. “ನಮ್ಮವರ ಬ್ಯಾಡ್ಜಿಗೆ ಬೀಳೋದು ಹೆಚ್ಚಾಗಿ ಆ ಚದುರಿದ ಚೂರೇ. ಅದು ಸೊರಗಿರುತ್ತೆ, ನಾನಾ ದಿಕ್ಕಿಂದ ಬರುತ್ತೆ. ಬ್ಯಾಡ್ಜೊಳಗೆ ಪುಟ್ಟ ಬಿಲ್ಲೆಗಳಿವೆ. ಒಂದೊಂದರ ಮುಂದೆ ಒಂದೊಂದು ಥರದ ಮರೆ. ಯಾವ ಬಿಲ್ಲೆಗೆ ಎಷ್ಟು ಬಿತ್ತು ಅಂತ ನೋಡಿದ್ರೆ ಬಂದಿದ್ದು ಎಂಥ ಕಿರಣ ಅಂತ ಅಂದಾಜು ಸಿಗುತ್ತೆ. ಇದು ಚದುರಿದ್ದಲ್ಲ ಅಂತಿದಾರೆ. ಎದುರಿಂದ, ನೇರ.”

“ಅಂದ್ರೆ?”

“ಅಂದ್ರೆ ಇವರು ಕಿರಣದ ದಾರೀಲಿ ನಿಂತಿದ್ರು. ಇಲ್ಲಾ ಬ್ಯಾಡ್ಜನ್ನ ಯಾರೋ ಅಲ್ಲಿಟ್ಟರು. ಡೋಸ್ ಯಾರದೋ, ದೋಷ ಯಾರದೋ!”

ಗಿಣಿ ಡಾಕ್ಟರ ಬಾಯನ್ನೇ ದಿಟ್ಟಿಸಿದ. ಆ ಜೋಕು ಅವನದಾಗಿರಬೇಕಿತ್ತು. ನಿನ್ನೆ ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಅವನೇ ಹೊಸೆದು ಹೆಂಡತಿಗೆ ಹೇಳಿದ್ದ. ಅವಳು ನಕ್ಕಿರಲಿಲ್ಲ. ಹಾಗಾದರೆ ಅದು ಡಾಕ್ಟರ ಬಾಯಿಗೆ ಹೇಗೆ ಬಂತು?

“ಹೆದರ್ಬೇಡಿ,” ಎಂದು ಡಾಕ್ಟರು ಉಸಿರಕ್ಕನಿಗೆ ಮೆತ್ತಗೆ ಹೇಳಿದ. “ಆ ಅಂಕಿ ಅಷ್ಟೂ ನಿಮ್ಮ ಮೈಮೇಲೇ ಬಿದ್ದಿದ್ರೂ ಮಗುಗೆ ಏನೋ ಆಗೇ ಬಿಡುತ್ತೆ ಅಂತ ಅರ್ಥ ಅಲ್ಲ. ಆದ್ರೆ ಸಂಜೆ ವಿಚಾರಣೆಯವರು ಬರ್ತಾರೆ. ‘ಇರಬಹುದು, ಇಲ್ಲದಿರಬಹುದು’ ಅಂದ್ರೆ ಅವರು ಕೇಳಲ್ಲ.”

“ನಾನೂ ಕೇಳಲ್ಲ ಡಾಕ್ಟ್ರೇ,” ಎಂದಳು ಉಸಿರಕ್ಕ. “ಒಂಬತ್ತು ತಿಂಗಳು ‘ಇರಬಹುದು’ನ ಹೊತ್ಕೊಂಡು ಓಡಾಡೋಕಾಗಲ್ಲ.”

ಬ್ಯಾಡ್ಜುಗಳನ್ನು ನೇತುಹಾಕುವ ಹಲಗೆ ಇದ್ದದ್ದು ರಿಸೆಪ್ಷನ್ ಕೌಂಟರಿನ ಹಿಂದೆ. ಎಕ್ಸ್-ರೇ ಕೋಣೆಯಲ್ಲೇ ಬಿಟ್ಟರೆ ಯಾರೂ ತೊಟ್ಟಿರದಾಗಲೂ ಅವು ಕಿರಣ ಕುಡಿಯುತ್ತವೆಂದು ದೂರ ಇಟ್ಟಿದ್ದರು. ಊಟಕ್ಕೆ ಹೊರಟವರು, ಕೆಲಸ ಮುಗಿದವರು ಎದೆಯಿಂದ ಕಳಚಿ ತಂತಮ್ಮ ಕೊಕ್ಕೆಗೆ ಸಿಕ್ಕಿಸಿ ಹೋಗುತ್ತಿದ್ದರು.

ಕೌಂಟರಿನಲ್ಲಿ ಕೂತವಳು ಗಿಣಿಯ ಹೆಂಡತಿ. ಆಸ್ಪತ್ರೆಯ ಬಾಯಲ್ಲಿ ಕೌಂಟರಮ್ಮ. ಹಗಲೆಲ್ಲ ಕೌಂಟರ್, ಮನೆಗೆ ಬಂದರೆ ಎನ್‌ಕೌಂಟರ್ ಎಂಬುದು ಗಿಣಿಯ ಹಳೆಯ ಜೋಕು. ಮನೆಯಲ್ಲಿ ‘ರೀ’, ಇಲ್ಲಿ ‘ರೇ’, ಎರಡೂ ಒಳಗಿರುವುದನ್ನೆಲ್ಲ ಹೊರಗೆ ಹಾಕುತ್ತವೆ ಎಂಬುದು ಹೊಸದು. ಎರಡಕ್ಕೂ ಅವಳು ನಕ್ಕಿರಲಿಲ್ಲ.

ಬಲಗೈಯಲ್ಲಿ ಟೋಕನ್ ಬರೆಯುತ್ತ ಎಡಗೈಯಲ್ಲಿ ಚಹಾದ ಲೋಟ ಹಿಡಿದಿದ್ದಳು. ಆ ಕೈಯ ಕಿರುಬೆರಳು ಮಡಚದೆ ನೆಟ್ಟಗೆ ನಿಂತಿತ್ತು. ಮದುವೆಯಾದ ಹೊಸದರಲ್ಲಿ ಬೀರುವಿನ ಬಾಗಿಲಿಗೆ ಸಿಕ್ಕಿ ಮುರಿದದ್ದು, ಆಮೇಲೆ ಮಡಚಲೇ ಇಲ್ಲ. ‘ಮಹಾರಾಣಿಯವರು ಚಹಾ ಸೇವಿಸುತ್ತಿದ್ದಾರೆ’ ಎಂದು ಗಿಣಿ ನೆಂಟರೆದುರು ಆ ಬೆರಳನ್ನೂ ಅಣಕಿಸಿ ತೋರಿಸುವುದಿತ್ತು. ಪಕ್ಕದ ಬೆರಳಿನಲ್ಲಿ ಅವನು ತೊಡಿಸಿದ ಉಂಗುರ. ಸಾಬೂನು ಸೇರಿ ಚರ್ಮ ಸುಲಿದರೂ ಅವಳು ಅದನ್ನು ತೆಗೆದಿಟ್ಟವಳಲ್ಲ.

“ಬ್ಯಾಡ್ಜು ಯಾರ್ಯಾರು ಮುಟ್ತಾರೆ ಇಲ್ಲಿ?” ಗಿಣಿ ಕೇಳಿದ.

“ಯಾರು ಬೇಕಾದ್ರೂ ಮುಟ್ಟಬಹುದು. ಹಲಗೆಗೆ ಬೀಗ ಇಲ್ಲ. ನಿಮ್ಮ ಬಾಯಿಗೆ ಇದೆಯಾ?”

“ನಾನೇನಂದೆ ಈಗ?”

“ಈಗ ಅಲ್ಲ. ಆಗ ಒಳಗೆ. ‘ಉಸಿರು ಎಳ್ಕೊಳ್ಳಿ’ ಅಂತ. ಮನೇಲಿ ಸಾಲದು ಅಂತ ಇಲ್ಲೂ ಶುರು ಮಾಡಿದ್ರಾ?”

“ಅಯ್ಯೋ, ಪತ್ತೆ ಕೆಲಸಕ್ಕೆ ಮಾಡಿದ್ದು ಕಣೇ!”

“ಮನೇಲೂ ಪತ್ತೆ ಕೆಲಸಕ್ಕಾ? ಕನ್ನಡಿ ಮುಂದೆ, ಒಲೆ ಮುಂದೆ, ದೀಪ ಆರಿಸಿದ್ಮೇಲೆ?”

ಗಿಣಿ ಉತ್ತರಿಸುವುದರೊಳಗೆ ನೆರಳು ಡಾಕ್ಟರು ಹಿಂದಿನಿಂದ ಕೈ ಚಾಚಿದ. “ಕೌಂಟರಮ್ಮಾವ್ರೇ, ಚಹಾ ನಮಗೂ ಉಂಟಾ, ಇಲ್ಲ ಅದಕ್ಕೂ ಟೋಕನ್ ತಗೊಂಡು ಕೂರಬೇಕಾ?”

ಅವಳು ನಕ್ಕಳು. ತುಟಿಯ ನಗುವಲ್ಲ, ಭುಜ ಕುಣಿಯುವ, ಕಣ್ಣಂಚು ಒದ್ದೆಯಾಗುವ ಪೂರ್ತಿ ನಗು.

ಟೋಕನ್ ಜೋಕಿಗೆ! ಗಿಣಿ ಅದನ್ನು ಎದೆಯಲ್ಲಿ ಗಂಟು ಹಾಕಿಕೊಂಡು ಎಕ್ಸ್-ರೇ ಕೋಣೆಯತ್ತ ದಾಪುಗಾಲು ಹಾಕಿದ. ಕಿರಣಕ್ಕೆ ಒಂದು ಒಳ್ಳೆಯ ಗುಣವಿದೆ, ದೂರ ಹೋದಷ್ಟೂ ಕಡಿಮೆಯಾಗುತ್ತದೆ. ಹೊಟ್ಟೆಕಿಚ್ಚಿಗೆ ಅದಿಲ್ಲ. ಕಾರಿಡಾರಿನ ಕೊನೆ ಮುಟ್ಟುವಾಗ ಅದು ದುಪ್ಪಟ್ಟಾಗಿತ್ತು.

ಅಜ್ಜ ಆಗಲೇ ಹೊರಟುಹೋಗಿದ್ದ. ಗಿಣಿ ಬಾಗಿಲು ಹಾಕಿದ.

“ಅಣ್ಣಾ, ಹೊಸ ಸ್ಕ್ಯಾನಿಂಗ್ ಯಂತ್ರ ಬರ್ತಿದೆಯಂತೆ?”

“ಬರಲಿ.”

“ಆ ವಿಭಾಗಕ್ಕೆ ಉಸಿರಕ್ಕನೇ ಮುಖ್ಯಸ್ಥೆ ಅಂತೆ?”

ಮೀಸೆಯ ಎಡಭಾಗ ಅಲುಗಿತು. ಸೀಸದಣ್ಣ ಹಲಗೆ ಒರೆಸುವ ಬಟ್ಟೆಯನ್ನು ಹಿಂಡಿದ. ಅದರಲ್ಲಿ ನೀರೇ ಇರಲಿಲ್ಲ.

“ನನ್ನ ಕೈ ಕೆಳಗೆ ಕಲಿತವಳು. ಬಂದ ಹೊಸದರಲ್ಲಿ ಬಲಗಾಲಿನ ಚಿತ್ರ ತೆಗಿ ಅಂದ್ರೆ ಎಡಗಾಲಿಂದು ತೆಗೀತಿದ್ಲು.”

“ಈಗ ನಿಮ್ಮನ್ನೇ ಎಡಗಾಲಲ್ಲಿ ಒದ್ದು ಮುಂದೆ ಹೋದ್ಲು.”

“ಹಾಗೆಲ್ಲ ಮಾತಾಡ್ಬೇಡಿ.”

ಗಿಣಿ ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತ. ಬಾಯಿ ತೆರೆದಾಗ ಬಂದದ್ದು ಸೀಸದಣ್ಣನದೇ ದನಿ. ಅದೇ ಗೊರಗೊರ, ಮಾತಿನ ನಡುವೆ ಮೂಗಿನಲ್ಲಿ ಎಳೆಯುವ ಅದೇ ಗಾಳಿ. “ಇಷ್ಟು ವರ್ಷ ಒಂದು ಚಿತ್ರ ಕೆಡಿಸಿಲ್ಲ ನಾನು. ರೋಗಿಗಳು ಬಂದ ತಕ್ಷಣ ಕೇಳೋದು, ‘ಉಸಿರಕ್ಕ ಇಲ್ವಾ?’ ಡಾಕ್ಟ್ರು ಕೇಳೋದು, ‘ಉಸಿರಕ್ಕ ಎಲ್ಲಿ?’ ಒಂದೇ ಒಂದು ಸಲ… ಅವಳ ಬ್ಯಾಡ್ಜಲ್ಲಿ ಒಂದೇ ಒಂದು ಸಲ ಅಂಕಿ ಏರಲಿ ದೇವ್ರೇ.”

ಸೀಸದಣ್ಣ ಧೊಪ್ಪನೆ ಕೂತ. ಏಪ್ರನ್ನಿನ ಭಾರಕ್ಕೆ ಕುರ್ಚಿ ನರಳಿತು. ತನ್ನ ಮನಸ್ಸು ಬೇರೊಬ್ಬನ ಬಾಯಿಂದ ಬರುವುದನ್ನು ಕೇಳಿದವನು ತಪ್ಪಿಸಿಕೊಂಡು ಎಲ್ಲಿಗೆ ಹೋಗಬೇಕು?

“ಹೌದು,” ಎಂದ ಕೊನೆಗೆ. “ಹೊಟ್ಟೆ ಉರೀತು. ಈಗಲೂ ಉರೀತಿದೆ. ಸೀಸ ಎಲ್ಲಾನೂ ತಡೆಯುತ್ತೆ ಸಾರ್, ಇದನ್ನ ತಡೆಯಲ್ಲ. ಇದು ಏಪ್ರನ್ನಿನ ಒಳಗಿಂದ ಹುಟ್ಟುತ್ತಲ್ಲ. ಆದ್ರೆ ಬ್ಯಾಡ್ಜು ಇಟ್ಟವನು ನಾನಲ್ಲ.”

“ಮತ್ತೆ ಯಾರು?”

“ಅದು ಗೊತ್ತಿಲ್ಲ. ಆದ್ರೆ…” ಅವನು ಗಾಜಿನಾಚೆ ನೋಡಿದ. “ಯಾರೋ ಇಟ್ಟಿದ್ರು ಅನ್ನೋದು ಗೊತ್ತು. ನಾನು ಚಿತ್ರ ನೋಡಿದೀನಿ.”

ಗಿಣಿಯ ಗಂಟಲಿನ ಬಾಡಿಗೆದಾರರೆಲ್ಲ ಒಂದೇ ಏಟಿಗೆ ಮನೆ ಖಾಲಿ ಮಾಡಿದರು. “ಯಾವ ಚಿತ್ರ?”

“ಕೆಟ್ಟುಹೋದ ಚಿತ್ರಗಳನ್ನ ಯಂತ್ರ ಬಿಸಾಕಲ್ಲ. ಒಂದು ಕಡೆ ಗುಡ್ಡೆ ಹಾಕಿರುತ್ತೆ. ಹೊಸವು ಬಂದ ಹಾಗೆ ಹಳೇವು ತಳದಿಂದ ಉದುರಿ ಹೋಗ್ತವೆ. ಬ್ಯಾಡ್ಜಿನ ಗಲಾಟೆ ಶುರುವಾದ ದಿನ ಸುಮ್ನೆ ಕೆದಕಿದೆ. ತಳದಲ್ಲಿ ಒಂದು ಉಳಿದಿತ್ತು.”

“ಅವತ್ತೇ ನೋಡಿ… ಇವತ್ತಿನವರೆಗೆ ಸುಮ್ಮನಿದ್ರಾ? ಆ ಹೆಣ್ಣುಮಗಳು ಹೊರಗೆ ಹೊಟ್ಟೆ ಹಿಡ್ಕೊಂಡು ಕೂತಿದಾಳೆ!”

“ಹೊಟ್ಟೆ ವಿಷಯ ನಂಗೆ ನಿನ್ನೆವರೆಗೂ ಗೊತ್ತಿರಲಿಲ್ಲ ಸಾರ್! ನಾಲ್ಕು ದಿನ ಯಂತ್ರದಿಂದ ದೂರ ಇರ್ಲಿ ಬಿಡು ಅನ್ಕೊಂಡೆ. ಗೊತ್ತಾದ್ಮೇಲೆ… ಗೊತ್ತಾದ್ಮೇಲೆ, ಯಾಕೆ ಮೊದ್ಲೇ ಹೇಳ್ಲಿಲ್ಲ ಅಂತ ಕೇಳ್ತಾರಲ್ಲ ಅಂತ ಭಯ.” ಅವನು ಮುಖ ಒರೆಸಿಕೊಂಡ, ಹಲಗೆ ಒರೆಸುವ ಬಟ್ಟೆಯಲ್ಲೇ. “ಉರಿಯೋದು ಒಂದು ಪಾಪ. ಸುಮ್ಮನಿದ್ದದ್ದು ಇನ್ನೊಂದು.”

“ತೋರಿಸಿ.”

ಪರದೆ ಬೆಳಗಿತು. ಕಪ್ಪು ಹಿನ್ನೆಲೆ. ನಡುವೆ ಪುಟ್ಟ ಬ್ಯಾಡ್ಜಿನ ಮಬ್ಬು ಆಕಾರ, ಅದರೊಳಗೆ ಬೆಳ್ಳಗೆ ಹೊಳೆಯುವ ಲೋಹದ ಮರೆ. ಬ್ಯಾಡ್ಜಿನ ಕೆಳಗಿನ ಅಂಚನ್ನು ಹಿಡಿದುಕೊಂಡಿದ್ದ ಬೆರಳುಗಳು. ಚರ್ಮವಿಲ್ಲದ, ಬರೀ ಮೂಳೆಯ ಬೆರಳುಗಳು.

“ಕಿರಣವನ್ನ ಬಿಟ್ಟುಕೊಟ್ಟಿದ್ದು ಕಪ್ಪಾಗುತ್ತೆ, ತಡೆದಿದ್ದು ಬೆಳ್ಳಗಾಗುತ್ತೆ,” ಎಂದ ಸೀಸದಣ್ಣ. ಕೆಲಸದ ಮಾತು ಬಂದೊಡನೆ ಅವನ ಬೆನ್ನು ನೆಟ್ಟಗಾಗಿತ್ತು. “ಗಾಳಿ ಕಪ್ಪು, ಮಾಂಸ ಬೂದು, ಮೂಳೆ ಬಿಳಿ, ಲೋಹ ಅಚ್ಚ ಬಿಳಿ. ಬ್ಯಾಡ್ಜುಗಳು ಪ್ರಯೋಗಾಲಯಕ್ಕೆ ಹೋಗೋದಕ್ಕೆ ಹಿಂದಿನ ದಿನದ ಚಿತ್ರ ಇದು. ಊಟದ ಹೊತ್ತು, ನಾನು ಕ್ಯಾಂಟೀನಲ್ಲಿದ್ದೆ. ಈಗ ಹೇಳಿ, ಇದು ನನ್ನ ಕೆಲಸ ಆಗಿದ್ರೆ ಅಲ್ಲಿ ಕೈ ಯಾಕಿರುತ್ತೆ? ನಿಲುವು ಹಲಗೆ ಮೇಲೆ ಬ್ಯಾಡ್ಜ್ ನಿಲ್ಲಲ್ಲ. ನಾನಾಗಿದ್ರೆ ಟೇಪ್ ಹಚ್ತಿದ್ದೆ. ಕಿರಣದ ದಾರೀಲಿ ಕೈ ಇಡೋದಾ? ನಮ್ಮ ಕಸುಬಿನವರು ಸಾಯೋವರೆಗೂ ಇಡಲ್ಲ.”

“ಅಂದ್ರೆ ಹೊರಗಿನವರು.”

“ಕೈ ಹೊರಗಿನವರದು. ಬಟನ್ ಎಲ್ಲಿದೆ ನೋಡಿ.”

ಗಿಣಿ ನೋಡಿದ. ಬಟನ್ ಅವನ ಮೊಣಕೈಯ ಬಳಿಯೇ ಇತ್ತು. ಸೀಸದ ಗಾಜಿನ ಈಚೆ, ಗೋಡೆಗೆ ಬಿಗಿದಿತ್ತು. ನಿಲುವು ಹಲಗೆ ಆಚೆ ಮೂಲೆಯಲ್ಲಿ.

“ವೈರು ಬೇಕಂತಲೇ ಗಿಡ್ಡ ಇಟ್ಟಿರ್ತಾರೆ,” ಎಂದ ಸೀಸದಣ್ಣ. “ಒತ್ತೋನು ಗಾಜಿನ ಹಿಂದೇನೇ ನಿಲ್ಲಲಿ ಅಂತ. ಅಲ್ಲಿ ಕೈ, ಇಲ್ಲಿ ಬಟನ್. ಒಬ್ಬರಿಂದ ಆಗೋ ಕೆಲಸ ಅಲ್ಲ.”

“ಇಬ್ಬರು.”

“ಇಬ್ಬರು. ಇನ್ನೊಂದು ನೋಡಿ. ಈ ಬೆರಳಿನ ಬುಡ. ಮೂಳೆ ಸುತ್ತಲಿನ ಮಾಂಸದ ನೆರಳು ಇಲ್ಲಿ ಮಾತ್ರ ಸೊಂಟದ ಥರ ಒಳಗೆ ಹೋಗಿದೆ. ವರ್ಷಗಟ್ಟಲೆ ಉಂಗುರ ತೊಟ್ಟ ಬೆರಳು. ಆದ್ರೆ ಉಂಗುರ ಇಲ್ಲ. ಇದ್ದಿದ್ರೆ ಅಚ್ಚ ಬಿಳಿ ಪಟ್ಟಿ ಕಾಣ್ತಿತ್ತು.”

“ಗುರುತು ಸಿಗಬಾರದು ಅಂತ ತೆಗೆದಿಟ್ಟಿರಬೇಕು.”

“ಗುರುತಿನ ಯೋಚನೆ ಇದ್ದವರು ಕೈಯನ್ನೇ ಇಡ್ತಿರಲಿಲ್ಲ. ತೆಗೆಸಿದಾರೆ ಸಾರ್. ‘ಉಂಗುರ, ಸರ, ವಾಚು ಎಲ್ಲ ತೆಗೀರಿ.’ ಇದು ಈ ಕೋಣೆಯವರ ಬಾಯಲ್ಲಿ ತಾನಾಗೇ ಬರೋ ಮಾತು. ಕಳ್ಳತನ ಮಾಡೋವಾಗಲೂ ಬರುತ್ತೆ. ಬಟನ್ ಒತ್ತಿದವರು ಎಕ್ಸ್-ರೇ ಬಲ್ಲವರು. ಆ ಕೈಗೆ ಏನಾದ್ರೆ ನಂಗೇನು ಅನ್ನೋರು.”

ಗಿಣಿ ಪರದೆಗೆ ಹತ್ತಿರ ಬಾಗಿದ. ಉಂಗುರವಿಲ್ಲದ ಬೆರಳಿನ ಪಕ್ಕದಲ್ಲಿ ಕಿರುಬೆರಳು. ಬೇರೆಲ್ಲ ಬೆರಳುಗಳು ಬಾಗಿ ಬ್ಯಾಡ್ಜನ್ನು ಹಿಡಿದಿದ್ದವು. ಅದೊಂದು ಮಾತ್ರ ನೆಟ್ಟಗೆ ನಿಂತಿತ್ತು. ಅದರ ನಡುಗಂಟಿನಲ್ಲಿ ಅಕ್ಕಿಕಾಳಿನಷ್ಟು ಅಚ್ಚ ಬಿಳಿ.

ಒಂದು ಸಣ್ಣ ಸ್ಕ್ರೂ.

ಆ ಸ್ಕ್ರೂ ಹಾಕಿಸಿದ ದಿನ ಆಪರೇಷನ್ ಕೋಣೆಯ ಹೊರಗೆ ಕೂತು ಅವನು ಉಗುರು ಕಚ್ಚಿದ್ದ. ಹೊರಬಂದವಳನ್ನು ನಗಿಸಲು ಆಪರೇಷನ್ ಮಾಡಿದ ಡಾಕ್ಟರ ದನಿಯಲ್ಲಿ ಮಾತಾಡಿದ್ದ. ಅವತ್ತು ಅವಳು ನಕ್ಕಿದ್ದಳು.

“ಸಾರ್? ಗೊತ್ತಾಯ್ತಾ ಯಾರ ಕೈ ಅಂತ?”

“ಇದನ್ನ ಫಿಲ್ಮಿಗೆ ಹಾಕಿ ಕೊಡಿ,” ಎಂದ ಗಿಣಿ. ದನಿ ಯಾರದೆಂದು ಅವನಿಗೇ ಗುರುತು ಹತ್ತಲಿಲ್ಲ.

ಬಾಗಿಲು ಯಾವಾಗಲೋ ತೆರೆದುಕೊಂಡಿತ್ತು. ಉಸಿರಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕಣ್ಣು ಪರದೆಯ ಮೇಲಿತ್ತು.

“ಅದು ನನ್ನ ಬ್ಯಾಡ್ಜಾ?” ಎಂದಳು. “ನಾನಿಲ್ಲ ಅಲ್ಲಿ. ಬರೀ ಬ್ಯಾಡ್ಜು. ನನ್ಮೇಲೆ ಬಿದ್ದಿಲ್ಲ! ಅಣ್ಣಾ, ಬಿದ್ದಿಲ್ಲ ಅಲ್ವಾ?”

ನಗುವೂ ಅಳುವೂ ಒಟ್ಟಿಗೇ ಬಂದು ಅವಳ ಮುಖದಲ್ಲಿ ನೂಕುನುಗ್ಗಲಾಯಿತು. ಸೀಸದಣ್ಣ ತಲೆಯೆತ್ತಲಿಲ್ಲ.

“ತಂಗೀ… ಒಂದು ಸಲಕ್ಕೆ ಅಷ್ಟು ಅಂಕಿ ಬರಲ್ಲ. ದಪ್ಪ ಆಳಿನ ಬೆನ್ನುಮೂಳೆಗೆ ಇಡೋಷ್ಟು ಜೋರಾಗಿ ಕಿರಣ ಇಟ್ಟಿದಾರೆ, ಆದ್ರೂ ಬರಲ್ಲ. ಹತ್ತಾರು ಸಲ ಒತ್ತಿರ್ಬೇಕು. ಮಿಕ್ಕ ಚಿತ್ರಗಳೆಲ್ಲ ಗುಡ್ಡೆಯಿಂದ ಉದುರಿ ಹೋಗಿದ್ರೆ ಸರಿ. ಅಷ್ಟೂ ಕಿರಣ ಬಿದ್ದಿದ್ದು ಬ್ಯಾಡ್ಜಿನ ಮೇಲೇ.”

“ಒಂದೇ ಸಲ ಒತ್ತಿದ್ರೆ?”

ಉತ್ತರವನ್ನು ಅವಳೇ ಹೇಳಿಕೊಂಡಳು, “ಒಂದೇ ಸಲ ಆಗಿದ್ರೆ, ಮಿಕ್ಕಿದ್ದು ನನ್ಮೇಲೆ.”

ಕೈ ಮತ್ತೆ ಹೊಟ್ಟೆಗೆ ಹೋಯಿತು.

“ಎಷ್ಟು ಸಲ ಅಂತ ಆ ಕೈಗೆ ಗೊತ್ತಿರುತ್ತೆ,” ಎಂದಳು. “ಗಿಣಿಯಣ್ಣಾ, ಅವರ ಮೇಲೆ ನಂಗೆ ಕೋಪ ಇಲ್ಲ, ಜಗಳ ಬೇಡ. ಒಂದೇ ಮಾತು ಕೇಳ್ಕೊಂಡು ಬನ್ನಿ. ಎಷ್ಟು ಸಲ? ಅಷ್ಟೇ.”

ಗಿಣಿ ಫಿಲ್ಮ್ ಹಿಡಿದು ಕಾರಿಡಾರಿಗೆ ಇಳಿದ. ‘ಎಷ್ಟು ಸಲ, ಎಷ್ಟು ಸಲ’ ಎಂದು ಹೆಜ್ಜೆಗೊಮ್ಮೆ ಬಾಯಿಪಾಠ ಮಾಡಿದ. ಆದರೆ ಆ ಮಾತಿನ ಅಡಿಯಲ್ಲಿ ಇನ್ನೊಂದು ಮಾತು ತಾಳ ಹಾಕುತ್ತಿತ್ತು. ಉಂಗುರ ತೆಗೆದಿದ್ದಾಳೆ. ಚರ್ಮ ಸುಲಿದರೂ ತೆಗೆಯದವಳು ತೆಗೆದಿದ್ದಾಳೆ. ಊಟದ ಹೊತ್ತಿನಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ, ಯಾರೋ ‘ತೆಗೀರಿ’ ಅಂದರು, ತೆಗೆದಳು.

ಕೌಂಟರಿನ ಮುಂದೆ ಯಾರೂ ಇರಲಿಲ್ಲ. ಅವನು ಫಿಲ್ಮನ್ನು ಅವಳ ಮುಂದಿಟ್ಟ.

ಕೌಂಟರಮ್ಮ ನೋಡಿದಳು. ಬೆಚ್ಚಲಿಲ್ಲ. ಲೋಟವನ್ನು ಕೆಳಗಿಟ್ಟು ಎಡಗೈಯನ್ನು ಫಿಲ್ಮಿನ ಮೇಲೆ ಹರಡಿದಳು. ಮೂಳೆಯ ಮೇಲೆ ಬೆರಳು, ಬೆರಳಿನ ಮೇಲೆ ಉಂಗುರ. ಎಲ್ಲ ತಂತಮ್ಮ ಜಾಗಕ್ಕೆ ಸರಿಯಾಗಿ ಕೂತವು.

“ಉಸಿರು ಹಿಡ್ಕೊಳ್ಳಿ,” ಎಂದಳು.

ಗಿಣಿ ಸುತ್ತ ನೋಡಿದ. ದನಿ ಉಸಿರಕ್ಕನದು. ಅವನು ಮಾಡುತ್ತಿದ್ದುದಕ್ಕಿಂತ ನಿಜವಾಗಿ ಉಸಿರಕ್ಕನದು.

“ಯಾಕೆ, ನಿಮಗೊಬ್ಬರಿಗೇ ಬರುತ್ತೆ ಅನ್ಕೊಂಡ್ರಾ?” ಈಗ ಅವಳದೇ ದನಿ, ತಣ್ಣಗೆ. “ಕೆಮ್ಮು ಅಂತ ಬಂದು ಇಲ್ಲಿ ಎದೆ ಚಿತ್ರ ತೆಗೆಸಿಕೊಂಡ್ರಿ. ಕೆಮ್ಮು ಹೋಯ್ತು, ಅವಳ ದನಿ ಮನೇಲೇ ಉಳೀತು. ಮಲಗೋವಾಗಲೂ ಏಳೋವಾಗಲೂ ನನ್ನ ಗಂಡನ ಬಾಯಿಂದ ಇನ್ನೊಬ್ಬಳು ಮಾತಾಡ್ತಾಳೆ. ಎಷ್ಟು ತಿಂಗಳು ಕೇಳ್ಲಿ ನಾನು? ನನ್ನ ದನಿ ಯಾವತ್ತಾದ್ರೂ ಮಾಡಿದ್ರಾ? ಮಾಡಿದ್ದು ನನ್ನ ಮುರಿದ ಬೆರಳನ್ನ.”

“ಅದು ತಮಾಷೆಗೆ…”

“ಅವಳು ಆ ಎಕ್ಸ್-ರೇ ಕೋಣೆ ಬಿಟ್ಟು ಬೇರೆ ಕಡೆ ಹೋಗ್ಲಿ ಅಂತ ಮಾಡ್ದೆ. ಬಸುರಿ ಅಂತ ಗೊತ್ತಿದ್ರೆ ಕೈಯಿಡ್ತಿರಲಿಲ್ಲ. ಅದು ಸತ್ಯ. ಬೇಕಾದ್ರೆ ನಂಬಿ.” ಅವಳು ಫಿಲ್ಮನ್ನು ಅವನ ಕಡೆ ನೂಕಿದಳು. “ಈಗ ನಿಮ್ಮ ಬಾಯಲ್ಲಿ ಎರಡು ಪ್ರಶ್ನೆ ಇವೆ. ಎಷ್ಟು ಸಲ ಅನ್ನೋದೊಂದು. ಯಾರ ಜೊತೆ ಅನ್ನೋದೊಂದು. ನಿಮ್ಮ ಮುಖದ ಮೇಲೇ ಬರೆದಿದೆ, ಅದನ್ನ ಓದೋಕೆ ಎಕ್ಸ್-ರೇ ಬೇಡ. ಒಂದಕ್ಕೆ ಉತ್ತರ ಕೊಡ್ತೀನಿ, ಒಂದಕ್ಕೇ. ಯಾವುದು ಮೊದಲು ಬರುತ್ತೋ ಅದಕ್ಕೆ.”

ಅವನ ಹಿಂದೆ ಕಾರಿಡಾರಿನಲ್ಲಿ ಚಪ್ಪಲಿಗಳ ಸದ್ದಾಯಿತು. ಒಬ್ಬರದಲ್ಲ. ಉಸಿರಕ್ಕನ ಹಗುರ ಹೆಜ್ಜೆ, ಏಪ್ರನ್ನಿನ ಭಾರ ಹೊತ್ತ ಸೀಸದಣ್ಣನ ಹೆಜ್ಜೆ, ಜೊತೆಗೆ ನೆರಳು ಡಾಕ್ಟರ ಬೂಟು. ಎಲ್ಲ ಸದ್ದೂ ನಿಂತವು.

ಎಷ್ಟು ಸಲ. ಎರಡೇ ಶಬ್ದ. ಕೇಳಿದರೆ ಒಬ್ಬ ತಾಯಿ ಇವತ್ತು ರಾತ್ರಿ ನಿದ್ದೆ ಮಾಡುತ್ತಾಳೆ. ಗಿಣಿ ಆ ಎರಡು ಶಬ್ದಗಳನ್ನು ನಾಲಿಗೆಯ ತುದಿಗೆ ತಂದ. ಬಾಯಿ ತೆರೆದ.

ಹೊರಬಂದ ದನಿ ಉಸಿರಕ್ಕನದಲ್ಲ, ಸೀಸದಣ್ಣನದಲ್ಲ, ಊರಿನ ಇನ್ಯಾರದೂ ಅಲ್ಲ. ಎಷ್ಟೋ ದಿನಗಳ ಮೇಲೆ ಅದು ಅವನ ಸ್ವಂತ ದನಿಯಾಗಿತ್ತು.

“ಯಾರು?”

ಹಿಂದೆ ಉಸಿರಕ್ಕ ಹಿಡಿದಿಟ್ಟ ಉಸಿರು ಬಿಟ್ಟಳು. ಅದು ನಿಟ್ಟುಸಿರಾಗಿರಲಿಲ್ಲ, ಯಾರೋ ಹೊಡೆದಾಗ ಬರುವ ಸದ್ದಾಗಿತ್ತು.

“ಗೊತ್ತಿತ್ತು,” ಎಂದಳು ಕೌಂಟರಮ್ಮ.

ಅವಳ ಎಡಗೈ ಫಿಲ್ಮಿನಿಂದ ಮೇಲೆದ್ದಿತು. ಬೇರೆ ಬೆರಳುಗಳೆಲ್ಲ ಮಡಚಿದವು. ಮಡಚಲಾರದ ಕಿರುಬೆರಳು ನೆಟ್ಟಗೆ, ನಿಧಾನವಾಗಿ, ಗಿಣಿಯ ಭುಜದಾಚೆಗೆ ಚಾಚಿತು. ಅಲ್ಲಿ ನಿಂತಿದ್ದ ಮೂವರಲ್ಲಿ ಒಬ್ಬರ ಎದೆಯತ್ತ.

ಗಿಣಿಗೆ ತಿರುಗುವ ಧೈರ್ಯ ಸಾಲಲಿಲ್ಲ.